ಎಡಕ್ಕೆ ಎಳೆಯುವ ದೋಣಿಗಳು

ನನ್ನ ಅಪ್ಪ ದೋಣಿ ಕಟ್ಟುವಾಗ ರಸಮಟ್ಟ ಬಳಸುತ್ತಿರಲಿಲ್ಲ, ತೂಗುಗುಂಡೂ ಇಲ್ಲ. ಮನುಷ್ಯನನ್ನು ಕೂರಿಸುತ್ತಿದ್ದರು. ಅಡಿಮರ ಇಟ್ಟು, ಹಿಂದಿನ ಮುಂದಿನ ಮೂತಿಗಳನ್ನು ನಿಲ್ಲಿಸಿದ ಮೇಲೆ, ಆ ದೋಣಿ ಯಾರದ್ದಾಗಲಿದೆಯೋ ಅವನನ್ನೇ ಕರೆಸಿ, ನಡುವೆ ಒಂದು ಹಲಗೆ ಅಡ್ಡ ಹಾಕಿ ಕೂರಿಸಿ, ಕೈಗೆ ಹುಟ್ಟು ಕೊಡುತ್ತಿದ್ದರು. ತಾವು ಹತ್ತು ಹೆಜ್ಜೆ ಹಿಂದೆ ಹೋಗಿ ಮರಳಿನಲ್ಲಿ ಕುಕ್ಕರಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ ಅವನ ಬೆನ್ನು ನೋಡುತ್ತಿದ್ದರು. ಬೆನ್ನೆಲುಬಿನ ಗೆರೆಯಿಂದ ಎಡಕ್ಕೆಷ್ಟು, ಬಲಕ್ಕೆಷ್ಟು ಎಂದು ನೋಡಿಯೇ ಪಕ್ಕೆಮರಗಳ ಜಾಗ ಗುರುತು ಮಾಡುವುದು. ಗುಂಡು ಗಾಳಿಗೆ ಅಲ್ಲಾಡುತ್ತದೆ, ಮನುಷ್ಯ ಅಲ್ಲಾಡುವುದಿಲ್ಲ ಎನ್ನುವುದು ಅವರ ವಾದ. ಮನುಷ್ಯ ಅಲ್ಲಾಡಿದಷ್ಟು ಗುಂಡು ಅಲ್ಲಾಡುವುದಿಲ್ಲ ಎಂದು ನಾನು ಹೇಳಿದರೆ ಕಿವಿ ಕೇಳಿಸದವರ ಹಾಗೆ ಬಾಚಿಗೆ ಸಾಣೆ ಕೊಡುತ್ತಾ ಇರುತ್ತಿದ್ದರು.

ಕೂತವನು ಕೂದಲೆಳೆಯಷ್ಟು ಓರೆಯಾದರೂ ಅಪ್ಪ ಬಿಡುತ್ತಿರಲಿಲ್ಲ. ಒಮ್ಮೆ ಕಾಪುವಿನಿಂದ ಬಂದ ಒಬ್ಬ ಮೀನುಗಾರ, ಆರಡಿ ಆಳು, ಹಲಗೆಯ ಮೇಲೆ ಕೂತು ಐದು ನಿಮಿಷವಾಗಿರಲಿಲ್ಲ, ಬಲಗಡೆ ನೋವುಂಟಾ ಎಂದು ಅಪ್ಪ ಹಿಂದಿನಿಂದ ಕೇಳಿದರು. ಅವನು ಇಲ್ಲವೆಂದ. ಅಪ್ಪ ಮತ್ತೆ ಕೇಳಿದರು. ಕೊನೆಗೆ ಆ ಮನುಷ್ಯ ನಾಚಿಕೊಂಡು, ಕೂರುವ ಜಾಗದಲ್ಲಿ ಒಂದು ಕುರು ಎದ್ದಿದೆ, ಮನೆಯಲ್ಲಿ ಹೆಂಡತಿಗೂ ಹೇಳಿಲ್ಲ ಎಂದು ಒಪ್ಪಿಕೊಂಡ. ವಾಸಿಯಾದ ಮೇಲೆ ಬನ್ನಿ ಎಂದು ಅಪ್ಪ ಅವನನ್ನು ಕಳಿಸಿಯೇ ಬಿಟ್ಟರು. ದೋಣಿ ಒಂದು ವಾರ ಹಾಗೇ ಅಸ್ಥಿಪಂಜರವಾಗಿ ನಿಂತಿತ್ತು. ಆ ಸುದ್ದಿ ಮಲ್ಪೆಯ ಮೀನಿನ ಹರಾಜುಕಟ್ಟೆಯವರೆಗೆ ಹೋಗಿ, ಪಾಪ, ಅವನ ಕುರು ಊರಿಗೆಲ್ಲ ಗೊತ್ತಾಯಿತು.

ಅಪ್ಪ ಈ ಊರಿನವರಲ್ಲ. ಕಲ್ಲಿಕೋಟೆಯ ಆಚೆ ಒಂದು ಹೊಳೆಬದಿಯಿಂದ, ಇನ್ನೂ ಮೀಸೆ ಸರಿಯಾಗಿ ಬರುವ ಮೊದಲು, ಇಬ್ಬರು ಹಿರಿಯ ಆಚಾರಿಗಳ ಜೊತೆ ಬಂದವರು. ಮಲ್ಪೆಯಲ್ಲಿ ಆಗ ದೋಣಿಯ ಕೆಲಸ ಬೇಕಾದಷ್ಟಿತ್ತು, ಕೈಗಳು ಸಾಲದಿದ್ದವು. ಒಂದು ಬೇಸಿಗೆಗೆಂದು ಬಂದದ್ದು. ಮೊದಮೊದಲು ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಲ್ಲಿ ಹೊಲಿಯುತ್ತಿದ್ದರಂತೆ, ಆಮೇಲೆ ತಾಮ್ರದ ಮೊಳೆ ಬಂತು. ಸಂದುಗಳಿಗೆ ಹತ್ತಿ ತುರುಕಿ, ರಾಳ ಕಾಯಿಸಿ ಹೊಯ್ದು, ಹೊರಮೈಗೆ ಮೀನೆಣ್ಣೆ ಬಳಿಯುವುದು ಮಾತ್ರ ಕೊನೆಯವರೆಗೂ ಬದಲಾಗಲಿಲ್ಲ. ನಮ್ಮ ಮನೆಯ ಹಾಸಿಗೆ, ಪುಸ್ತಕ, ಅಮ್ಮನ ಸೀರೆ ಎಲ್ಲಕ್ಕೂ ಆ ಎಣ್ಣೆಯ ವಾಸನೆ. ಶಾಲೆಯಲ್ಲಿ ನನ್ನ ಪಕ್ಕ ಕೂರಲು ಯಾರೂ ಜಗಳವಾಡುತ್ತಿರಲಿಲ್ಲ.

ಜೊತೆಗೆ ಬಂದ ಹಿರಿಯರಲ್ಲಿ ಒಬ್ಬರು ಮಲ್ಪೆಯಲ್ಲೇ ತೀರಿಕೊಂಡರು, ಇನ್ನೊಬ್ಬರು ಮುದಿತನಕ್ಕೆ ಊರಿಗೆ ಹೋದರು. ಅಪ್ಪ ಕಲ್ಯಾಣಪುರದ ನನ್ನ ಅಮ್ಮನನ್ನು ಮದುವೆಯಾಗಿ ಸ್ವರ್ಣಾ ಹೊಳೆಯ ದಡದಲ್ಲಿ ಉಳಿದರು. ಮನೆಯಲ್ಲಿ ತುಳು, ಅಪ್ಪನ ಬಾಯಲ್ಲಿ ಅದು ಮಲಯಾಳದ ರಾಗದಲ್ಲಿ ಬರುತ್ತಿತ್ತು. ನಲವತ್ತು ವರ್ಷ ಇದ್ದರೂ ಇಲ್ಲಿಯವರಿಗೆ ಅವರು ಮಲಯಾಳಿ ಆಚಾರಿ. ಒಂದು ಸಲ ಅವರ ಊರಿಗೆ ಹೋದಾಗ ಅಲ್ಲಿಯ ನೆಂಟರು, ಇವನು ಮಾತಾಡುವುದು ಯಾವ ಭಾಷೆ ಎಂದು ನಕ್ಕರು. ಅಪ್ಪ ಮತ್ತೆ ಅಲ್ಲಿಗೆ ಹೋಗಲಿಲ್ಲ.

ಇನ್ನು ನನ್ನ ವಿಷಯ. ನಾಲ್ಕನೆಯ ವಯಸ್ಸಿನಲ್ಲಿ ಜ್ವರ ಬಂದು ನನ್ನ ಎಡಗಾಲು ಸೋತಿತು. ಅದು ಬಲಗಾಲಿಗಿಂತ ಗಿಡ್ಡ, ಸಪೂರ. ನಡೆದರೆ ಎಲ್ಲರಿಗೂ ಗೊತ್ತಾಗುತ್ತದೆ. ಕೂತರೂ ಸೊಂಟ ಎಡಕ್ಕೆ ಬೀಳುತ್ತದೆ. ಎಡಗಾಲ ಚಪ್ಪಲಿಗೆ ದಪ್ಪ ಅಟ್ಟೆ ಹಾಕಿಸಲು ಅಮ್ಮ ನನ್ನನ್ನು ಉಡುಪಿಗೆ ಕರೆದುಕೊಂಡು ಹೋಗುತ್ತಿದ್ದಳು. ಅಪ್ಪ ಯಾವತ್ತೂ ಆ ಕಾಲಿನ ಬಗ್ಗೆ ಒಂದು ಮಾತು ಆಡಿದವರಲ್ಲ. ಬಿದ್ದರೆ ನೋಡಿ ನಡಿ ಎನ್ನುತ್ತಿದ್ದರು, ಅಷ್ಟೇ. ಓಡುವ ಪಂದ್ಯಕ್ಕೆ ಯಾಕೆ ಸೇರಲಿಲ್ಲ ಎಂದು ಒಮ್ಮೆ ಕೇಳಿದ್ದರು. ಹಲಗೆಯ ಓರೆಯನ್ನು ದೂರದಿಂದಲೇ ಹಿಡಿಯುವ ಮನುಷ್ಯನಿಗೆ ಸ್ವಂತ ಮಗಳ ಓರೆ ಹೇಳಲು ನಾಚಿಕೆ ಎಂದು ನಾನು ತೀರ್ಮಾನ ಮಾಡಿಕೊಂಡೆ. ಆ ಸಿಟ್ಟು ನನ್ನೊಳಗೆ ಬಹಳ ವರ್ಷ ಇತ್ತು. ಮೊದಲೇ ನನಗೆ ಮೂಗಿನ ತುದಿಯಲ್ಲಿ ಕೋಪ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಮಣಿಪಾಲದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಕಲ್ಯಾಣಪುರದಿಂದ ಉಡುಪಿಗೆ ಒಂದು ಬಸ್ಸು, ಅಲ್ಲಿಂದ ಮಣಿಪಾಲಕ್ಕೆ ಇನ್ನೊಂದು. ದಿನವಿಡೀ ನಿಂತು, ಯಾರೋ ಓದುವ ದಪ್ಪ ಪುಸ್ತಕಗಳನ್ನು ಗಾಜಿನ ಮೇಲೆ ಮಗುಚಿ ಮಗುಚಿ ಹಾಕುವುದು. ಸಂಜೆ ಸೊಂಟ ಬಿದ್ದು ಹೋಗುತ್ತಿತ್ತು. ಮನೆಗೆ ಬಂದರೆ ಅಪ್ಪ ಹೊಳೆಬದಿಯ ಚಪ್ಪರದಲ್ಲಿ ಸುಮ್ಮನೆ ಕೂತಿರುತ್ತಿದ್ದರು. ಹೊಸ ದೋಣಿಗೆ ಕೇಳುವವರು ಕಡಿಮೆಯಾಗಿದ್ದರು. ಮರ ಸಿಗುವುದಿಲ್ಲ, ಸಿಕ್ಕಿದರೆ ಕೈಗೆ ಎಟುಕುವುದಿಲ್ಲ, ಜೊತೆಗೆ ಫೈಬರ್ ಬಂದಿತ್ತು. ಹಳೆಯ ದೋಣಿಯ ಒಂದು ಹಲಗೆ ಬದಲಿಸುವುದು, ಸಂದಿಗೆ ಹತ್ತಿ ತುಂಬುವುದು, ಅಷ್ಟೇ ಉಳಿದ ಕೆಲಸ.

ಆಗ ಮಲ್ಪೆಯ ಬದಿಯಲ್ಲಿ ಫೈಬರ್ ದೋಣಿಯ ಶೆಡ್ ಹಾಕಿದವರೊಬ್ಬರು ನಮ್ಮ ಮನೆಗೆ ಬಂದರು. ಗಲ್ಫಿನಲ್ಲಿ ಹತ್ತು ವರ್ಷ ಇದ್ದು ಬಂದವರು, ಮೆತ್ತಗಿನ ಮಾತು. ಅವರಿಗೆ ಒಂದು ಮರದ ದೋಣಿ ಬೇಕಿತ್ತು, ಈ ಕರಾವಳಿಯ ಅಲೆಗೆ ಸರಿಯಾದದ್ದು, ಮೈ ನುಣ್ಣಗೆ ಇರುವಂಥದ್ದು. ಆದರೆ ಅದು ನೀರಿಗೆ ಇಳಿಯುವುದಿಲ್ಲ. ಅದನ್ನು ಬೋರಲು ಹಾಕಿ, ಅದರ ಮೇಲೆ ಫೈಬರಿನ ಪದರಗಳನ್ನು ಕೂರಿಸಿ, ಒಣಗಿದ ಮೇಲೆ ಎತ್ತಿದರೆ ಅಚ್ಚು ಸಿಗುತ್ತದೆ. ಆ ಅಚ್ಚಿನಿಂದ ಬೇಕಾದಷ್ಟು ದೋಣಿ ತೆಗೆಯಬಹುದು. ಅವರು ಏನನ್ನೂ ಮುಚ್ಚಿಡಲಿಲ್ಲ, ಎಲ್ಲವನ್ನೂ ವಿವರಿಸಿದರು. ಅಪ್ಪನಿಗೆ ಮೊದಲ ಮಾತಿಗೇ ಅರ್ಥವಾಗಿತ್ತು.

ಅವರು ಹೋದ ಮೇಲೆ ನಾನು ಕೂಗಾಡಿದೆ. ನಿಮ್ಮ ಕೆಲಸದ ಕುತ್ತಿಗೆಗೆ ನೀವೇ ಹಗ್ಗ ಹಾಕಿ ಕೊಡುತ್ತೀರಾ ಎಂದೆ. ಒಂದರ ಪ್ರತಿ ನೂರು ತೆಗೆಯುವುದು ಎಂದರೇನೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು, ಮೂಲಪ್ರತಿಯನ್ನು ಆಮೇಲೆ ಯಾರೂ ಕೇಳುವುದಿಲ್ಲ ಎಂದೆ. ಅಪ್ಪ ಬೀಡಿ ಮುಗಿಸಿ ತುಂಡನ್ನು ಮರಳಿಗೆ ಒತ್ತಿದರು. ನಾನು ಮಾಡದಿದ್ದರೆ ಇನ್ನೊಬ್ಬ ಮಾಡುತ್ತಾನೆ, ಕೆಟ್ಟದಾಗಿ ಮಾಡಿದರೆ ನೂರೂ ಕೆಟ್ಟದಾಗಿಯೇ ಇರುತ್ತದೆ, ಅದರಲ್ಲಿ ಕೂರುವವರು ಮನುಷ್ಯರಲ್ಲವಾ ಎಂದರು. ಆದರೂ ನಾನು ಇನ್ನೂ ಸ್ವಲ್ಪ ಹೊತ್ತು ಕೂಗಾಡಿದೆ.

ಮರ ನೋಡಲು ಒಂದು ಭಾನುವಾರ ನನ್ನನ್ನೂ ಕಾರ್ಕಳಕ್ಕೆ ಕರೆದುಕೊಂಡು ಹೋದರು. ಮರದ ಮಿಲ್ಲಿನಲ್ಲಿ ಹೆಬ್ಬಲಸಿನ ದಿಮ್ಮಿಗಳ ಮೇಲೆ ಗೆಣ್ಣಿನಿಂದ ತಟ್ಟಿ, ಕಿವಿಯಿಟ್ಟು ಕೇಳಿದರು, ನೆಕ್ಕುವುದೊಂದು ಬಾಕಿ. ಮಿಲ್ಲಿನವರು, ಅಚ್ಚಿಗೆ ತಾನೇ ಆಚಾರಿಗಳೇ, ಕಾಡುಮರ ಯಾವುದಾದರೂ ಸಾಕಲ್ಲ ಎಂದರು. ಅಪ್ಪ ಅವರ ಮುಖ ಕೂಡ ನೋಡಲಿಲ್ಲ. ನೀರು ಕಾಣದ ದೋಣಿಗೆ ನಲವತ್ತು ವರ್ಷ ನೀರಲ್ಲಿ ಬಾಳುವ ಮರ ಆರಿಸಿದರು. ಬರುವಾಗ ಬೆಳ್ಮಣ್‌ನಲ್ಲಿ ಬಸ್ಸು ಕೆಟ್ಟು ನಿಂತು, ಒಂದು ಗಂಟೆ ಬಿಸಿಲಲ್ಲಿ ಕಾದೆವು. ಅಪ್ಪ ಆ ದೋಣಿಯನ್ನು ಮನಸ್ಸಿನಲ್ಲೇ ಕಟ್ಟುತ್ತಿದ್ದರು. ನನಗೆ ಹಸಿವು.

ಅಡಿಮರ ಇಟ್ಟಾಯಿತು, ಮೂತಿಗಳು ನಿಂತವು. ಅಲ್ಲಿಗೆ ಕೆಲಸ ನಿಂತಿತು. ಯಾರನ್ನು ಕೂರಿಸುವುದು? ಶೆಡ್ಡಿನವರನ್ನು ಕೇಳಿದರೆ, ಯಾರಿಗೂ ಅಲ್ಲ, ಎಲ್ಲರಿಗೂ ಎಂದರು. ಯಾರಾದರೂ ಒಬ್ಬ ಮೀನುಗಾರನನ್ನು ಕೂರಿಸಿ ಎಂದು ಅಮ್ಮ ಹೇಳಿದಳು. ಅದು ಆಗುವುದಿಲ್ಲ ಎಂದರು ಅಪ್ಪ. ಅವರ ಗುರುಗಳಿಂದ ಬಂದ ಕ್ರಮವೊಂದಿತ್ತು: ಹಲಗೆಯ ಮೇಲೆ ಕೂತವನೇ ಆ ದೋಣಿಯನ್ನು ಮೊದಲು ಕಡಲಿಗೆ ಇಳಿಸಬೇಕು. ಕೂರಿಸಿ, ಇಳಿಸಲು ಕೊಡದಿದ್ದರೆ ಅದು ಮೋಸ. ಈ ದೋಣಿ ಕಡಲಿಗೆ ಇಳಿಯುವುದೇ ಇಲ್ಲವಲ್ಲ, ಯಾವ ಮೀನುಗಾರನನ್ನು ಕರೆಯುವುದು? ಮೂರು ದಿನ ಅಪ್ಪ ಆ ಅಸ್ಥಿಪಂಜರದ ಎದುರು ಕೂತರು. ಊಟಕ್ಕೆ ಕರೆದರೆ ಬಂದರು, ಮತ್ತೆ ಹೋಗಿ ಕೂತರು.

ನಾಲ್ಕನೆಯ ದಿನ ಅಂಗಡಿಗೆ ರಜೆ. ಅವರನ್ನು ನೋಡಿ ನೋಡಿ ನನಗೆ ಸಾಕಾಗಿತ್ತು. ಕಡಲಿಗೆ ಹೋಗುವವರು ಆಗುವುದಿಲ್ಲ ಎಂದಾದರೆ ಹೋಗದವರನ್ನು ಕೂರಿಸಿ, ನಾನು ಕೂರುತ್ತೇನೆ ಎಂದೆ. ತಮಾಷೆಗೆ ಹೇಳಿದ್ದು, ಸ್ವಲ್ಪ ಚುಚ್ಚುವುದಕ್ಕೂ. ಅಪ್ಪ ತಲೆಯೆತ್ತಿ ನನ್ನನ್ನು ನೋಡಿದರು. ಅವರ ಮುಖ ಅಷ್ಟು ಹಗುರಾದದ್ದನ್ನು ನಾನು ಎಷ್ಟೋ ವರ್ಷಗಳಿಂದ ಕಂಡಿರಲಿಲ್ಲ. ಹೌದಲ್ಲ ಎಂದು ಎದ್ದು ಹೋಗಿ ಹಲಗೆ ತಂದರು.

ಲಂಗ ಸುತ್ತಿಕೊಂಡು ಹತ್ತಿ ಕೂತೆ. ಹುಟ್ಟು ಕೈಗೆ ಬಂತು, ಅದು ನನಗಿಂತ ಭಾರ. ಅಪ್ಪ ಹಿಂದೆ ಹೋಗಿ ಕೂತರು. ಹೊಳೆಯ ಗಾಳಿ ಬೀಸುತ್ತಿತ್ತು. ನಾನು ಹೇಗೆ ಕೂರುತ್ತೇನೋ ಹಾಗೇ ಕೂತೆ, ಸೊಂಟ ಎಡಕ್ಕೆ. ಬೇಕೆಂದೇ ಸರಿ ಮಾಡಿಕೊಳ್ಳಲಿಲ್ಲ. ಈಗ ಹೇಳಲಿ ನೋಡೋಣ ಎಂದುಕೊಂಡೆ. ಕುರು ಕಂಡವರಿಗೆ ಇದು ಕಾಣದೆ ಇರುತ್ತದಾ? ನೇರ ಕೂರು ಎಂದು ಒಮ್ಮೆ ಹೇಳಿದರೆ ಸಾಕಿತ್ತು. ಆಮೇಲೆ ನನಗೆ ಹೇಳಲು ಬೇಕಾದಷ್ಟು ಇತ್ತು. ಅಪ್ಪ ಹೇಳಲಿಲ್ಲ. ಎದ್ದು ಬಂದು, ಬೆನ್ನಿನ ಎರಡೂ ಕಡೆ ಅಳತೆ ಹಿಡಿದು, ಪೆನ್ಸಿಲಿನಿಂದ ಗುರುತು ಮಾಡಿ, ಆಯಿತು, ಇಳಿ ಎಂದರು. ನಾನು ಇಳಿದು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಅಮ್ಮ ಕೇಳಿದ್ದಕ್ಕೆ ತಲೆನೋವು ಎಂದೆ.

ದೋಣಿ ಮುಗಿಯಿತು. ಅಪ್ಪ ಕಟ್ಟಿದ್ದರಲ್ಲೆಲ್ಲ ಅದು ಚಂದದ್ದು, ಅದನ್ನು ನಾನು ಸಿಟ್ಟಿನಲ್ಲೂ ಒಪ್ಪುತ್ತೇನೆ. ಸಂದುಗಳು ಬೆರಳಿಗೆ ಸಿಗುತ್ತಿರಲಿಲ್ಲ. ಶೆಡ್ಡಿನವರು ಲಾರಿಯಲ್ಲಿ ಒಯ್ದರು. ಕೆಲವು ತಿಂಗಳಲ್ಲಿ ಮಲ್ಪೆಯಿಂದ ಕಾಪುವಿನವರೆಗೆ ನೀಲಿ ಬಣ್ಣದ ಫೈಬರ್ ದೋಣಿಗಳು ಕಾಣತೊಡಗಿದವು, ಎಲ್ಲದಕ್ಕೂ ಅಪ್ಪನ ದೋಣಿಯ ಮೂತಿ. ಮೀನುಗಾರರು ಹಗುರ ಎಂದು ಹೊಗಳಿದರು. ರಾಳ ಬೇಡ, ಮೀನೆಣ್ಣೆ ಬೇಡ, ಆಚಾರಿಯೂ ಬೇಡ. ಅಪ್ಪನ ಚಪ್ಪರಕ್ಕೆ ರಿಪೇರಿಗೂ ಯಾರೂ ಬರುವುದು ನಿಂತಿತು. ನಾನು ಹೇಳಿದ ಹಾಗೆಯೇ ಆಯಿತು. ಹೇಳಿದ ಹಾಗೆ ಆದದ್ದರಿಂದ ನನಗೆ ಒಂದು ಚೂರೂ ಸಂತೋಷವಾಗಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾದ ಮೇಲೆ ಆ ಮಾತು ಶುರುವಾಯಿತು. ಮೊದಲು ಕಾಪುವಿನವರು ಹೇಳಿದ್ದು. ಎಂಜಿನ್ ಕಟ್ಟಿ ನೇರ ಬಿಟ್ಟರೆ ದೋಣಿ ಎಡಕ್ಕೆ ಎಳೆಯುತ್ತದೆ. ಒಂದಲ್ಲ, ಎಲ್ಲವೂ. ಕೈ ಒತ್ತಿ ಹಿಡಿದು ಹಿಡಿದು ಭುಜ ನೋಯುತ್ತದೆ. ಎಂಜಿನ್ ತಿರುಗಿಸಿ ನೋಡಿದರು, ಬಲಗಡೆ ಮರಳಿನ ಚೀಲ ಇಟ್ಟು ನೋಡಿದರು. ಕಡೆಗೆ ಯಾರೋ ಹರಾಜುಕಟ್ಟೆಯಲ್ಲಿ ನಿಂತು, ಮಲಯಾಳಿ ಆಚಾರಿಗೆ ಕಣ್ಣು ಹೋಗಿದೆ, ಮಂಜುಗಣ್ಣಿನವನು ಕಟ್ಟಿದ್ದನ್ನು ಅಚ್ಚು ತೆಗೆದಿದ್ದಾರೆ ಎಂದರಂತೆ. ಅಮ್ಮ ಮೀನು ತರಲು ಹೋದವಳು ಅದನ್ನು ಕೇಳಿ, ಮೀನು ತಾರದೆ ಬಂದಳು.

ಅಪ್ಪ ಅಂದಿನಿಂದ ಊಟ ಕಡಿಮೆ ಮಾಡಿದರು. ಕೆಲಸ ಹೋದದ್ದನ್ನು ತಡೆದುಕೊಂಡಿದ್ದರು, ಇದನ್ನು ತಡೆದುಕೊಳ್ಳಲಾಗಲಿಲ್ಲ. ನಲವತ್ತು ವರ್ಷ ಪರ ಊರಿನಲ್ಲಿ ಅವರನ್ನು ನಿಲ್ಲಿಸಿದ್ದು ಆ ಕಣ್ಣು ಒಂದೇ. ಹೊಳೆಯ ಆಚೆ ದಡದ ತೆಂಗಿನ ಕಾಯಿಗಳನ್ನು ಎಣಿಸಿ ನನಗೆ ಹೇಳುವುದು, ಸರಿಯಾ ನೋಡು ಎನ್ನುವುದು. ಸರಿ ಇರುತ್ತಿತ್ತು. ಕಣ್ಣಿಗೆ ಏನೂ ಆಗಿಲ್ಲ ಎಂದು ಮನೆಯಲ್ಲಿ ಮೂವರಿಗೂ ಗೊತ್ತು. ಕಾರಣ ಏನೆಂದು ನನಗೆ ಗೊತ್ತು. ಅಪ್ಪನಿಗೂ ಗೊತ್ತಿದೆ, ನನ್ನ ಮರ್ಯಾದೆ ಉಳಿಸಲು ಬಾಯಿ ಬಿಡುತ್ತಿಲ್ಲ ಎಂದು ನಾನು ನಂಬಿದ್ದೆ. ದಿನಾ ಬಸ್ಸಿನಲ್ಲಿ ಕೂತು ಅದನ್ನೇ ಯೋಚಿಸುತ್ತಿದ್ದೆ. ಮಣಿಪಾಲ ಬಂದರೂ ಇಳಿಯಲು ಬೇಜಾರು.

ಮಳೆಗಾಲ ಕಳೆದ ಮೇಲೆ ಶೆಡ್ಡಿನವರು ಹೇಳಿಕಳಿಸಿದರು. ಹಳೆಯ ಅಚ್ಚು ಸವೆದಿದೆ, ಹೊಸದು ತೆಗೆಯಬೇಕು, ಅದಕ್ಕೆ ಮೊದಲು ಮರದ ದೋಣಿಯ ಓರೆಯನ್ನು ಆಚಾರಿಗಳೇ ಬಂದು ಸರಿಪಡಿಸಿ ಕೊಡಲಿ ಎಂದು. ಅಪ್ಪ ಕೀಸುಳಿಯನ್ನು ಗೋಣಿಯಲ್ಲಿ ಸುತ್ತಿಕೊಂಡು ಹೊರಟರು. ನಾನು ಅಂಗಡಿಗೆ ಹೋಗದೆ ಜೊತೆಗೆ ಹೋದೆ. ಶೆಡ್ಡಿನಲ್ಲಿ ಬಿಳಿ ಪುಡಿ ಹಾರುತ್ತಿತ್ತು, ಮೈಯೆಲ್ಲ ತುರಿಕೆ. ಬಾಗಲಕೋಟೆಯ ಕಡೆಯಿಂದ ಬಂದ ನಾಲ್ಕು ಜನ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಫೈಬರ್ ಉಜ್ಜುತ್ತಿದ್ದರು. ಹಿಂದಿನ ಮೂಲೆಯಲ್ಲಿ, ಟಾರ್ಪಾಲಿನ ಕೆಳಗೆ, ನಮ್ಮ ದೋಣಿ ಬೋರಲು ಮಲಗಿತ್ತು.

ಉಜ್ಜುತ್ತಿದ್ದವರಲ್ಲಿ ಹಿರಿಯನೊಬ್ಬ ಅಡಿಮರದ ಉದ್ದಕ್ಕೆ ದಾರ ಕಟ್ಟಿ, ಎರಡೂ ಕಡೆ ಟೇಪು ಹಿಡಿದು ತೋರಿಸಿದ. ಎಡಗಡೆಯ ಹೊಟ್ಟೆ ಅರ್ಧ ಬೆರಳಿನಷ್ಟು ಹೊರಗಿತ್ತು. ಅಪ್ಪ ಹಿಂದೆ ಹೋಗಿ ಕುಕ್ಕರಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ ನೋಡಿದರು. ಎದ್ದು ಬಂದು ಅಂಗೈಯಿಂದ ಸವರಿದರು. ಮತ್ತೆ ಹೋಗಿ ನೋಡಿದರು.

"ಎಲ್ಲಿ? ಎಂತ ಉಂಟು ಇಲ್ಲಿ? ಸರಿಯೇ ಉಂಟಲ್ಲ" ಎಂದರು.

"ಅಜ್ಜಾರ, ದಾರ ಸುಳ್ಳ ಹೇಳಂಗಿಲ್ರಿ" ಎಂದ ಆ ಕೆಲಸದವನು, ಮರ್ಯಾದೆಯಿಂದಲೇ.

ಶೆಡ್ಡಿನ ಯಜಮಾನರು ನೆಲ ನೋಡಿದರು. ಉಡುಪಿಯಲ್ಲಿ ಒಳ್ಳೆಯ ಕಣ್ಣಿನ ಡಾಕ್ಟರು ಇದ್ದಾರೆ, ನಾನೇ ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆ ಎಂದು ಮೆಲ್ಲನೆ ಹೇಳಿದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಅಪ್ಪ ಕೀಸುಳಿಯ ಗೋಣಿಯ ಗಂಟನ್ನು ಇನ್ನೊಮ್ಮೆ ಬಿಗಿದರು. ಇನ್ನು ಸುಮ್ಮನಿರಲು ನನ್ನಿಂದ ಆಗಲಿಲ್ಲ.

"ಅಪ್ಪನ ಕಣ್ಣಿಗೆ ಎಂತದೂ ಆಗಲಿಲ್ಲ" ಎಂದೆ. "ಅವತ್ತು ಹಲಗೆಯಲ್ಲಿ ಕೂತದ್ದು ನಾನು. ನನ್ನ ಸೊಂಟ ಎಡಕ್ಕೆ ಬೀಳ್ತದೆ. ಅದಕ್ಕೇ ದೋಣಿಯೂ ಎಡಕ್ಕೆ ಬಿದ್ದಿದೆ."

ಎಲ್ಲರೂ ನನ್ನ ಕಾಲನ್ನೇ ನೋಡಿದರು. ಅಪ್ಪ ಮಾತ್ರ ನನ್ನ ಮುಖ ನೋಡಿದರು, ಯಾಕೆ ಸುಳ್ಳು ಹೇಳುತ್ತಿ ಎನ್ನುವ ಹಾಗೆ.

"ಸುಮ್ಮನೆ ಎಂತದಾದರೂ ಹೇಳಬೇಡ" ಎಂದರು. "ನೀನು ನೇರವೇ ಕೂತಿದ್ದಿ. ನಾನು ನೋಡಿದ್ದೇನಲ್ಲ."

ನನ್ನನ್ನು ಕಾಪಾಡಲು ಹೇಳಿದ್ದಲ್ಲ ಅದು. ಅಪ್ಪನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ, ಮನೆಯಲ್ಲಿ ಅದೊಂದು ದೊಡ್ಡ ತೊಂದರೆಯೇ ಆಗಿತ್ತು. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ನಾನು ನಡೆದದ್ದು, ಬಿದ್ದದ್ದು, ಕೂತದ್ದು, ಯಾವುದೂ ಅವರಿಗೆ ಓರೆಯಾಗಿ ಕಂಡಿರಲಿಲ್ಲ, ನನ್ನ ಬೆನ್ನು ನೋಡಿ ಕಟ್ಟಿದ ಈ ದೋಣಿಯೂ ಹಾಗೆಯೇ. ನಾಚಿಕೆಯಿಂದ ಮುಚ್ಚಿಟ್ಟದ್ದು ಎಂದು ನಾನು ಹೊತ್ತುಕೊಂಡು ತಿರುಗಿದ್ದು ಅಲ್ಲಿ ಇರಲೇ ಇಲ್ಲ. ಅಲ್ಲಿಗೇ ನಿಲ್ಲಿಸಿ, ಹೌದು, ನಾನು ನೇರವೇ ಕೂತಿದ್ದೆ ಎಂದು ಹೇಳಿ ಮನೆಗೆ ಹೋಗಬಹುದಿತ್ತು. ಆದರೆ ಹಾಗೆ ಹೋದರೆ ಅವರ ಕಣ್ಣು ಹೋಗಿದೆ ಎನ್ನುವುದು ಊರಿಗೆಲ್ಲ ಖಾತ್ರಿಯಾಗುತ್ತಿತ್ತು.

ಅವರ ಕೈ ಹಿಡಿದು ದೋಣಿಯ ಬಲಗಡೆ ಇಟ್ಟೆ. "ಇದು ನೋಡಿ." ಆಮೇಲೆ ಎಡಗಡೆ ಇಟ್ಟೆ. "ಈಗ ಇದು." ಅಂಗೈ ಅಲ್ಲಿ ಬಹಳ ಹೊತ್ತು ಇತ್ತು. ಬೆರಳುಗಳು ಮೆಲ್ಲಗೆ ಹಿಂದಕ್ಕೂ ಮುಂದಕ್ಕೂ ಹೋದವು. ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ಎಲ್ಲಿಂದ ಎಲ್ಲಿಗೆ ಎಂದು ನನ್ನನ್ನೇ ಕೇಳಿದರು. ನಾನು ತೋರಿಸಿದ ಕಡೆ ಗೆರೆ ಎಳೆದರು. ಕೀಸುಳಿ ಎತ್ತಿಕೊಂಡು ಕೆಲಸ ಶುರು ಮಾಡಿದರು. ಹೆಬ್ಬಲಸಿನ ಸಿಪ್ಪೆ ಸುರುಳಿ ಸುರುಳಿಯಾಗಿ ನನ್ನ ಚಪ್ಪಲಿಯ ಮೇಲೆ ಬಿದ್ದಿತು. ಮಧ್ಯಾಹ್ನದ ಹೊತ್ತಿಗೆ ದಾರ ಎರಡೂ ಕಡೆ ಒಂದೇ ಅಳತೆ ಹೇಳಿತು. ಆಚಾರಿಗಳ ಕಣ್ಣಿಗೆ ಏನೂ ಆಗಿಲ್ಲ, ಮಗಳ ಕಾಲಿನ ದೋಷ ಎಂದು ಶೆಡ್ಡಿನವರು ಸಂಜೆಯೊಳಗೆ ಬಂದರಿನಲ್ಲಿ ಹೇಳಿದರಂತೆ. ಅಪ್ಪನ ಹೆಸರು ಉಳಿಯಿತು.

ಬಸ್ ಸ್ಟ್ಯಾಂಡಿಗೆ ಬರುವಾಗ ಅಪ್ಪ ನನ್ನಿಂದ ಎರಡು ಹೆಜ್ಜೆ ಹಿಂದೆ ನಡೆಯುತ್ತಿದ್ದರು. ನಾನು ತಿರುಗಿ ನೋಡಲಿಲ್ಲ, ಆದರೆ ಅವರು ಎಲ್ಲಿ ನೋಡುತ್ತಿದ್ದಾರೆಂದು ಗೊತ್ತಿತ್ತು. ಬಸ್ಸು ಬಂತು. ಅಪ್ಪ ಮೊದಲು ಹತ್ತಿ, ಮೆಟ್ಟಿಲ ಮೇಲೆ ನಿಂತು, ನನ್ನನ್ನು ಹತ್ತಿಸಿಕೊಳ್ಳಲು ಕೈ ಚಾಚಿದರು. ನಾನು ಹುಟ್ಟಿದಂದಿನಿಂದ ಒಂದು ಸಲವೂ ಹಾಗೆ ಮಾಡಿದವರಲ್ಲ.